ಗೆಳೆಯ ದೆವ್ವದ ಕಾದಂಬರಿ ತಂದಿದ್ದಾನೆ, ಏನಂತ ಬರೆಯಲಿ?

ಗುಬ್ಬಿಗೂಡು · ಶುಕ್ರವಾರ ರಾತ್ರಿ 11:40

ಕಾಲೇಜಿನ ಗೆಳೆಯನೊಬ್ಬ ಸ್ವಂತ ದುಡ್ಡು ಹಾಕಿ ಒಂದು ಹಾರರ್ ಕಾದಂಬರಿ ತಂದಿದ್ದಾನೆ. 192 ಪುಟ, 220 ರೂಪಾಯಿ, 300 ಪ್ರತಿ. ಸಹಿ ಹಾಕಿ ಅಂಚೆಯಲ್ಲಿ ಕಳಿಸಿದ. ಹಿಂದೆಯೇ ವಾಟ್ಸಾಪ್‌ನಲ್ಲಿ ಒಂದು ಸಾಲು: "ಓದಿ ನಾಲ್ಕು ಮಾತು ಬರಿ ಮಾರಾಯ."

ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಮೊದಲ 60 ಪುಟ ನಿಜಕ್ಕೂ ಚೆನ್ನಾಗಿದೆ. ಸಕಲೇಶಪುರದ ಕಡೆಯ ಹೆಂಚಿನ ಮನೆ, ಬಿಟ್ಟೂಬಿಡದ ಮಳೆ. ಸಂಜೆ ಮೇಯ್ದು ಬಂದ ಹಸು ಕೊಟ್ಟಿಗೆ ಬಾಗಿಲಲ್ಲಿ ನಿಂತುಬಿಡುತ್ತದೆ. ಒಳಗೆ ಕಾಲಿಡಲ್ಲ. ಹೊಡೆದರೂ ಇಲ್ಲ, ಹಿಂಡಿ ತೋರಿಸಿದರೂ ಇಲ್ಲ. ಅಷ್ಟೇ, ಬೇರೇನೂ ಆಗಲ್ಲ. ಆ ಪುಟ ಓದಿ ನಾನು ಎದ್ದು ಹೋಗಿ ಹಿತ್ತಿಲ ಬಾಗಿಲಿನ ಚಿಲಕ ಮುಟ್ಟಿ ನೋಡಿ ಬಂದೆ.

ಆಮೇಲೆ 121ನೇ ಪುಟದಲ್ಲಿ ದೆವ್ವ ಬರುತ್ತದೆ. ಬಂದು ಐದು ಪುಟ ತನ್ನ ಕಥೆ ಹೇಳುತ್ತದೆ. ಯಾರು ಮೋಸ ಮಾಡಿದರು, ಯಾವ ಬಾವಿಗೆ ತಳ್ಳಿದರು, ಜಮೀನು ಯಾರ ಹೆಸರಿಗೆ ಆಯ್ತು. ಪಹಣಿ ನಂಬರ್ ಒಂದು ಹೇಳಿಲ್ಲ. ಅಲ್ಲಿಗೆ ನನ್ನ ಹೆದರಿಕೆಯೆಲ್ಲ ಇಳಿದುಹೋಯ್ತು.

ಇನ್ನೊಂದು ತಮಾಷೆ ಇದೆ. ಹಿರಿಯರೊಬ್ಬರ ಮುನ್ನುಡಿ ಇದೆ. ಅದರ ಎರಡನೇ ಪ್ಯಾರಾದಲ್ಲೇ ಆ ದೆವ್ವ ಯಾರದ್ದು ಅಂತ ಹೇಳಿಬಿಟ್ಟಿದ್ದಾರೆ.

ನಾನು ಇಲ್ಲಿವರೆಗೆ ಸುಮಾರು 40 ಹೊಸ ಪುಸ್ತಕಗಳ ಬಗ್ಗೆ ಬರೆದಿದ್ದೇನೆ. ಹಾರರ್, ಥ್ರಿಲ್ಲರ್, ಒಂದೆರಡು ಫ್ಯಾಂಟಸಿ. ನಿನ್ನೆ ಎಲ್ಲ ತೆಗೆದು ನೋಡಿದೆ. 40ರಲ್ಲೂ "ಚೆನ್ನಾಗಿದೆ, ಒಮ್ಮೆ ಓದಬಹುದು" ಅಂತಲೇ ಇದೆ. ನನಗೇ ನಾಚಿಕೆಯಾಯ್ತು. ನೀವೆಲ್ಲ ಹೇಗೆ ಬರೆಯುತ್ತೀರಿ?

ರಾತ್ರಿಪಾಳಿ · ಶನಿವಾರ ಬೆಳಗಿನ ಜಾವ 3:15

ನಾನು ನರ್ಸ್. ವಾರದಲ್ಲಿ ಮೂರು ನೈಟ್ ಡ್ಯೂಟಿ. ಹಾರರ್ ಓದುವುದೇ ಆ ಹೊತ್ತಿನಲ್ಲಿ. ವಾರ್ಡಿನ ಕೊನೆಯ ಟ್ಯೂಬ್‌ಲೈಟ್ ಪಟಪಟ ಅನ್ನುತ್ತಿರುತ್ತದೆ. ಅಲ್ಲಿ ಕೂತು ಓದಿದರೂ ಹೆದರಿಕೆ ಆಗಲಿಲ್ಲ ಅಂದ್ರೆ ಆ ಪುಸ್ತಕ ಫೇಲ್, ಅಲ್ವಾ?

ನಿಮ್ಮ ವಿಮರ್ಶೆ ನೀವು ಇಲ್ಲೇ ಬರೆದುಬಿಟ್ಟಿದ್ದೀರಿ. "ಚಿಲಕ ಮುಟ್ಟಿ ನೋಡಿ ಬಂದೆ." ಆ ಸಾಲು ಸಾಕು. ಹಾರರ್ ಪುಸ್ತಕಕ್ಕೆ ನಾನು ಕೇಳುವುದು ಎರಡೇ. ಯಾವ ಪುಟದಲ್ಲಿ ಹೆದರಿದೆ? ಯಾವ ಪುಟದಲ್ಲಿ ಹೆದರಿಕೆ ಬಿಟ್ಟುಹೋಯ್ತು? ಶೈಲಿ, ವಸ್ತು, ಪಾತ್ರಚಿತ್ರಣ ಎಲ್ಲ ಆಮೇಲೆ.

ದೆವ್ವ ಮಾತಾಡಿದರೆ ನೆಂಟನಾಗಿಬಿಡುತ್ತೆ. ಅದರ ಕಷ್ಟಸುಖ ಗೊತ್ತಾದ ಮೇಲೆ ಪಾಪ ಅನ್ನಿಸುತ್ತೆ. ಪಾಪ ಅನ್ನಿಸಿದ್ದಕ್ಕೆ ಯಾರು ಹೆದರುತ್ತಾರೆ? 90ರ ದಶಕದಲ್ಲಿ ಬೆಂಗಳೂರಲ್ಲಿ, ಸುತ್ತಮುತ್ತಲ ಊರುಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ನೆನಪಿದೆಯಾ? ರಾತ್ರಿ ಒಂದು ಹೆಣ್ಣು ದೆವ್ವ ಗೊತ್ತಿರುವವರ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದರೆ ಮುಗೀತು. ಬರೆದದ್ದನ್ನು ಓದಿ ವಾಪಸ್ ಹೋಗುತ್ತೆ, ನಾಳೆ ಮತ್ತೆ ಬರುತ್ತೆ. ಅವಳು ಯಾರು, ಯಾಕೆ ಸತ್ತಳು, ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅಮ್ಮ ಸೀಮೆಸುಣ್ಣದಲ್ಲಿ ಬರೆದಿದ್ದರು. ಮಳೆ ಬಂದರೆ ಅಳಿಸಿಹೋಗುತ್ತಿತ್ತು. ಮಳೆ ಬಂದ ರಾತ್ರಿ ನಾನು ನಿದ್ದೆ ಮಾಡುತ್ತಿರಲಿಲ್ಲ. ಎರಡು ಪದ, ಒಂದು ಬಾಗಿಲು. ಈಗ 200 ಪುಟ ಬರೆದವರಿಗೆ ಅಷ್ಟು ಹೆದರಿಸೋಕೆ ಆಗ್ತಿಲ್ಲ.

ಹಳೇ ಚಂದಾದಾರ · ಶನಿವಾರ ಬೆಳಗ್ಗೆ 7:05

ನನಗೀಗ 68. ನಾವು ಪತ್ತೇದಾರಿ ಓದಿದ್ದೆಲ್ಲ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ, ಬಾಡಿಗೆಗೆ. ಎನ್. ನರಸಿಂಹಯ್ಯನವರ ಪುಸ್ತಕ ಬಂದರೆ ಸರದಿ. ನಾಲ್ಕನೇ ಕ್ಲಾಸ್ ಓದಿದ ಮನುಷ್ಯ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ಅಂದರೆ ನಮ್ಮ ಬೀದಿಗೆ ಬೀದಿಯೇ ಗೊತ್ತಿತ್ತು. ಆದರೆ ವಿಮರ್ಶಕರು ಅಂತ ಇದ್ದವರು ಆ ಕಪಾಟಿನ ಹತ್ತಿರ ಸುಳಿಯಲಿಲ್ಲ. "ಜನಪ್ರಿಯ ಸಾಹಿತ್ಯ" ಅಂತ ಒಂದು ಮಾತು ಹೇಳಿ ಕೈ ತೊಳೆದುಕೊಂಡರು. ಜನಪ್ರಿಯ ಅನ್ನುವುದು ಬೈಗುಳ ಆಗಿದ್ದು ನಮ್ಮಲ್ಲೇ ಇರಬೇಕು.

ಹಾಗಾದರೆ ನಮಗೆ ವಿಮರ್ಶೆ ಯಾವುದು? ಲೈಬ್ರರಿಯವನ ರಿಜಿಸ್ಟರ್. ಯಾವ ಪುಸ್ತಕ ಎಷ್ಟು ಸಲ ಹೊರಗೆ ಹೋಗಿದೆ ಅಂತ ಹಿಂದಿನ ರಟ್ಟಿನಲ್ಲಿ ತಾರೀಖು ಬಿದ್ದಿರುತ್ತಿತ್ತು. ಬೈಂಡು ಎಷ್ಟು ಸಡಿಲ ಆಗಿದೆಯೋ ಅಷ್ಟು ಒಳ್ಳೇ ಪುಸ್ತಕ. ಇನ್ನೊಂದು ರೀತಿಯ ವಿಮರ್ಶಕರೂ ಇದ್ದರು. ಹತ್ತನೇ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "ಕೊಲೆಗಾರ ಡಾಕ್ಟ್ರು" ಅಂತ ಬರೆದಿಡುವ ಪುಣ್ಯಾತ್ಮರು. ನಿಮ್ಮ ಮುನ್ನುಡಿಕಾರರು ಆ ವಂಶದವರೇ.

ಆದರೂ ಪಾಪ, ಅವರನ್ನು ಪೂರ್ತಿ ಬೈಯಬೇಡಿ. ನಮ್ಮ ಮುನ್ನುಡಿ ಬೆಳೆದದ್ದು ಸಾಮಾಜಿಕ ಕಾದಂಬರಿ, ಕವನ ಸಂಕಲನಗಳ ಜತೆ. ಅಲ್ಲಿ ಕಥೆ ಹೇಳಿದರೆ ಏನೂ ನಷ್ಟ ಇಲ್ಲ. ಅದೇ ಕೈ ಇಲ್ಲೂ ಓಡಿದೆ. ನನ್ನ ಸಲಹೆ, ಕೊಲೆ ಮತ್ತು ದೆವ್ವದ ಪುಸ್ತಕಗಳಲ್ಲಿ ಮುನ್ನುಡಿಯನ್ನು ಹಿಂದಕ್ಕೆ ಹಾಕಲಿ. ವಿಮರ್ಶೆಯಲ್ಲಿ ನೀವು "ಮುನ್ನುಡಿ ಕೊನೆಗೆ ಓದಿ" ಅಂತ ಬರೆದರೆ ಓದುಗರು ಹರಸುತ್ತಾರೆ.

ಮಹಜರು · ಶನಿವಾರ ಬೆಳಗ್ಗೆ 10:20

ವಕೀಲ ನಾನು, ಕ್ರಿಮಿನಲ್ ಕೇಸು ಜಾಸ್ತಿ. ಹಾಗಾಗಿ ಥ್ರಿಲ್ಲರ್ ಓದುವಾಗ ಕೆಟ್ಟ ಓದುಗ. ಕ್ಷಮಿಸಿ.

ಕಳೆದ ವರ್ಷ ಬಂದ ಒಂದು ಸ್ವಂತ ಪ್ರಕಾಶನದ ಥ್ರಿಲ್ಲರ್. ಕಥೆ ನಡೆಯುವುದು 2025ರಲ್ಲಿ, ಎಲ್ಲರ ಕೈಯಲ್ಲೂ ಹೊಸ ಫೋನು. ಇನ್ಸ್‌ಪೆಕ್ಟರ್ ಮೇಜು ಗುದ್ದಿ "302 ಹಾಕ್ತೀನಿ" ಅನ್ನುತ್ತಾನೆ. 302 ಹಳೇ ಐಪಿಸಿಯ ಕೊಲೆ ಸೆಕ್ಷನ್. 2024ರ ಜುಲೈ 1ರಿಂದ ಅದರ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ 103. ಅದಕ್ಕಿಂತ ಮುಂಚೆ ನಡೆದ ಕೊಲೆ ಆದರೆ 302 ಸರಿಯೇ. ಜನರ ಬಾಯಲ್ಲಿ ಇನ್ನೂ 302 ಇದೆ, ಕೆಲವು ಪೊಲೀಸರ ಬಾಯಲ್ಲೂ ಇದೆ. ಆದರೆ ಎಫ್‌ಐಆರ್‌ನಲ್ಲಿ ಬರೆಯುವಾಗಲೂ ಅದೇ ಬರೆದರೆ ಲೇಖಕರು ಠಾಣೆಯ ಮೆಟ್ಟಿಲು ಹತ್ತಿಲ್ಲ ಅಂತ ಗೊತ್ತಾಗುತ್ತೆ.

ಅದೇ ಪುಸ್ತಕದಲ್ಲಿ ರಾಯಚೂರಿನ ಮೇ ತಿಂಗಳು, ಬೀಗ ಹಾಕಿದ ಮನೆ, ಮೂರು ದಿನದ ಹೆಣ. ಅದು "ಮರದ ಕೊರಡಿನಂತೆ ಸೆಟೆದುಕೊಂಡಿತ್ತು" ಅಂತ ಬರೆದಿದ್ದಾರೆ. ಹೆಣ ಸೆಟೆಯಲು ಶುರುವಾಗುವುದು ಎರಡು ಮೂರು ಗಂಟೆಗೆ, ದವಡೆ ಕತ್ತಿನ ಕಡೆಯಿಂದ. ಹನ್ನೆರಡು ಗಂಟೆ ಹೊತ್ತಿಗೆ ಮೈಯೆಲ್ಲ. ನಮ್ಮ ಬೇಸಿಗೆಯಲ್ಲಿ ಒಂದೂವರೆ ದಿನದ ಹೊತ್ತಿಗೆ ಬಿಟ್ಟುಹೋಗುತ್ತೆ. ಮೂರನೇ ದಿನ ಆ ಮನೆಯಲ್ಲಿ ಏನಿರುತ್ತೆ ಅಂತ ಬರೆಯಲ್ಲ, ನೀವು ತಿಂಡಿ ತಿನ್ನುತ್ತಿರಬಹುದು. ಕಥೆಯ ಗಂಟು ನಿಂತಿರುವುದೇ ಸಾವಿನ ಹೊತ್ತಿನ ಮೇಲೆ. ಹಾಗಾಗಿ ಇದು ಸಣ್ಣ ತಪ್ಪಲ್ಲ, ಇಡೀ ಪುಸ್ತಕ ಅಲ್ಲೇ ಕುಸಿಯಿತು.

ಸೆಕ್ಷನ್ ತಪ್ಪನ್ನು ನಾನು ವಿಮರ್ಶೆಯಲ್ಲಿ ಬರೆಯಲ್ಲ, ಲೇಖಕರಿಗೆ ಮೆಸೇಜ್ ಹಾಕುತ್ತೇನೆ. ಹೆಣದ ತಪ್ಪನ್ನು ಬರೆಯುತ್ತೇನೆ. ಮೊದಲನೆಯದು ಒಂದು ಪದ ತಿದ್ದಿದರೆ ಹೋಗುತ್ತೆ. ಎರಡನೆಯದಕ್ಕೆ ಕಥೆಯನ್ನೇ ಮತ್ತೆ ಕಟ್ಟಬೇಕು.

ಒಳ್ಳೆಯದೂ ಹೇಳಬೇಕಲ್ಲ. ಇನ್ನೊಂದು ಸಣ್ಣ ಪುಸ್ತಕ, 110 ಪುಟ. ಅದರಲ್ಲಿ ಹೆಡ್ ಕಾನ್ಸ್‌ಟೇಬಲ್ ಸ್ಥಳ ಮಹಜರು ಬರೆಯುತ್ತಾನೆ. ಪಂಚರಾಗಿ, ಅಂದರೆ ಮಹಜರಿಗೆ ಸಾಕ್ಷಿಯಾಗಿ ಸಿಕ್ಕವರು ಎದುರಿನ ಇಸ್ತ್ರಿ ಅಂಗಡಿಯವನು, ಆಟೋದವನು. ಇಸ್ತ್ರಿಯವನು "ಪೆಟ್ಟಿಗೇಲಿ ಕೆಂಡ ಹಾಕಿ ಬಂದಿದ್ದೀನಿ ಸಾರ್" ಅಂತ ನಾಲ್ಕು ಸಲ ಹೇಳುತ್ತಾನೆ. ಹೆಣ ಇರುವ ಕೋಣೆಯಲ್ಲಿ ಅವನ ಚಿಂತೆ ಕೆಂಡದ್ದು. ಆ ಲೇಖಕರ ಮುಂದಿನ ಪುಸ್ತಕ ನಾನು ಕಣ್ಣು ಮುಚ್ಚಿ ಕೊಳ್ಳುತ್ತೇನೆ.

ಇನ್ನೊಂದು ಮಾತು. "ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ, ನಾನು ಹೇಳಲ್ಲ" ಅಂತ ಬರೆಯಬೇಡಿ. ಹೇಳಿದಂತೆಯೇ ಅದು. ಓದುಗ ಮೊದಲ ಪುಟದಿಂದಲೇ ಎಲ್ಲರನ್ನೂ ಅನುಮಾನದಿಂದ ನೋಡುತ್ತಾನೆ.

ಅರ್ಕಾವತ್ತು · ಶನಿವಾರ ಮಧ್ಯಾಹ್ನ 1:50

ಡಿಟಿಪಿ ಮಾಡುವವನು. ಸ್ವಂತ ಪ್ರಕಾಶನದವರ ಪುಸ್ತಕಗಳೇ ನನಗೆ ಹೆಚ್ಚು ಬರುವುದು. ಒಳಗಿನ ಕಥೆ ಹೇಳುತ್ತೇನೆ.

ಲೇಖಕರು ಫೋನಿನಲ್ಲೋ ಹಳೇ ನುಡಿ ತಂತ್ರಾಂಶದಲ್ಲೋ ಟೈಪ್ ಮಾಡಿ ಕಳಿಸುತ್ತಾರೆ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ಬಲಕ್ಕೆ ಬೇರೆ ಗುರುತಾಗಿ ಕೂರುತ್ತದೆ. ಯೂನಿಕೋಡ್‌ನಲ್ಲಿ ಮೊದಲು ರ್ ಬರಬೇಕು, ಅಕ್ಷರ ಆಮೇಲೆ. ಒಳ್ಳೇ ಕನ್ವರ್ಟರ್ ಆ ರ್ ಅನ್ನು ಎತ್ತಿ ಅಕ್ಷರಕ್ಕಿಂತ ಮೊದಲು ಕೂರಿಸುತ್ತದೆ. ಕೆಟ್ಟದ್ದು ಇದ್ದಲ್ಲೇ ಬಿಡುತ್ತದೆ. ಆಗ ಕಾರ್ಯಕ್ರಮ "ಕಾಯರ್ಕ್ರಮ" ಆಗುತ್ತೆ, ಸೂರ್ಯ "ಸೂಯರ್" ಆಗುತ್ತೆ.

ನಾನು ಕಂಡ ಅತಿ ದೊಡ್ಡ ಅನಾಹುತ ಒಂದು ಹಾರರ್ ಪುಸ್ತಕದ್ದು. ಪಾಳು ಗುಡಿ, ಅಮಾವಾಸ್ಯೆ, ದೀಪ ಆರಿದೆ. ಇಡೀ ಅಧ್ಯಾಯ ಆ ಒಂದು ಸಾಲಿಗೆ ಕಾಯುತ್ತೆ. ಸಾಲು ಹೀಗೆ ಅಚ್ಚಾಗಿದೆ: "ಕತ್ತಲಲ್ಲಿ ಮೂತಿರ್ ನಿಧಾನವಾಗಿ ಕಣ್ಣು ತೆರೆಯಿತು." ಮೂರ್ತಿ ಹೋಗಿ ಮೂತಿ ಆಗಿದೆ. ಅದನ್ನು ಓದಿ ಯಾರಾದರೂ ಹೆದರುತ್ತಾರಾ?

ಪ್ರೂಫ್ ನೋಡಿಸಿ ಅಂದರೆ ಲೇಖಕರು "ದುಡ್ಡಿಲ್ಲ, ನಾನೇ ನೋಡ್ತೀನಿ" ಅನ್ನುತ್ತಾರೆ. ತಾನೇ ಬರೆದದ್ದರಲ್ಲಿ ತಪ್ಪು ತನಗೆ ಕಾಣಲ್ಲ, ಕಣ್ಣು ತಾನೇ ತಿದ್ದಿಕೊಂಡು ಓದುತ್ತೆ. ಮುಖಪುಟಕ್ಕೆ ಮಾತ್ರ ದುಡ್ಡು ಇರುತ್ತೆ. ಅದರಲ್ಲಿ ಕಡ್ಡಾಯವಾಗಿ ಕೂದಲು ಬಿಟ್ಟ ಹೆಂಗಸು, ಕೆಂಪು ಚಂದ್ರ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ಯಾರಿಗೋ ಸಾವಿರಗಟ್ಟಲೆ ಕೊಟ್ಟವರನ್ನೂ ನೋಡಿದ್ದೇನೆ. ನಮ್ಮ ದೇಶದಲ್ಲಿ ಅದು ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸಿಗುತ್ತೆ. ಆ ದುಡ್ಡು ಪ್ರೂಫ್ ನೋಡುವವರಿಗೆ ಕೊಡಬಹುದಿತ್ತು.

ವಿಮರ್ಶೆ ಬರೆಯುವವರಿಗೆ ಒಂದು ಕೋರಿಕೆ. ಅಚ್ಚಿನ ತಪ್ಪಿಗೆ ಒಂದೇ ಸಾಲು ಇಡಿ. ಪುಟ ಸಂಖ್ಯೆ ಹಾಕಿ ಪಟ್ಟಿಯನ್ನು ಲೇಖಕರಿಗೆ ಬೇರೆ ಕಳಿಸಿ. ಈಗೆಲ್ಲ ನೂರು ನೂರು ಪ್ರತಿ ಅಚ್ಚು ಹಾಕಿಸುತ್ತಾರೆ. ಮುಂದಿನ ನೂರರಲ್ಲಿ ಸರಿಯಾಗುತ್ತೆ.

ಗುಬ್ಬಿಗೂಡು · ಶನಿವಾರ ಮಧ್ಯಾಹ್ನ 2:30

ಈಗಷ್ಟೇ ಎದ್ದು ಹೋಗಿ ತೆಗೆದು ನೋಡಿದೆ. 88ನೇ ಪುಟ. "ಅಂತಿಮ ದಶರ್ನ." ಓದುವಾಗ ಕಣ್ಣಿಗೇ ಬಿದ್ದಿರಲಿಲ್ಲ.

ಪಡುವಣ ಗಾಳಿ · ಶನಿವಾರ ಸಂಜೆ 5:10

ನಾನು ಕಾರ್ಕಳದವಳು. ನನ್ನ ತಕರಾರು ಬೇರೆ.

2022ರಲ್ಲಿ ಕೋಲದ ಸಿನಿಮಾ "ಕಾಂತಾರ" ದೇಶವೆಲ್ಲ ಓಡಿತಲ್ಲ, ಅಲ್ಲಿಂದ ಈಚೆಗೆ ಯಾವ ಹಾರರ್ ತೆಗೆದರೂ ಗುಳಿಗ ಅನ್ನುವ ಭೂತ ಇರುತ್ತೆ. ಬೆಂಗಳೂರಿನಿಂದ ಬಂದ ಹುಡುಗ ಕಾಡಿನಲ್ಲಿ ಕಲ್ಲು ಸರಿಸುತ್ತಾನೆ, ಭೂತ ಎದ್ದು ಬಂದು ಒಬ್ಬೊಬ್ಬರನ್ನೇ ಕೊಲ್ಲುತ್ತೆ. ನಮ್ಮಲ್ಲಿ ಭೂತ ಅಂದರೆ ದೆವ್ವ ಅಲ್ಲ ಮಾರಾಯ್ರೆ. ದೈವ. ವರ್ಷಕ್ಕೊಮ್ಮೆ ಅದರ ಮುಂದೆ ನಿಂತು ಜಾಗದ ತಗಾದೆ ಹೇಳಿಕೊಳ್ಳುತ್ತೇವೆ, ಅದು ನ್ಯಾಯ ಹೇಳುತ್ತೆ. ಹೆದರಿಕೆ ಇದೆ, ಆದರೆ ಅದು ಮನೆಯ ಹಿರಿಯರ ಮುಂದೆ ಇರುವ ಹೆದರಿಕೆ. ಒಂದು ಪದ ಎರಡು ಊರಲ್ಲಿ ಎರಡು ಅರ್ಥ ಕೊಡುತ್ತೆ ಅಂತ ಗೊತ್ತಿಲ್ಲದೆ ಒಂದಿಡೀ ಕಾದಂಬರಿ ಬರೆದವರಿದ್ದಾರೆ.

ಸತ್ತವರ ಆತ್ಮಕ್ಕೆ ತುಳುವಿನಲ್ಲಿ ಕುಲೆ ಅನ್ನುತ್ತೇವೆ. ಚಿಕ್ಕಂದಿನಲ್ಲೇ ಸತ್ತ ಮಕ್ಕಳಿಗೆ ಮದುವೆ ವಯಸ್ಸು ಬಂತು ಅಂದಾಗ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಮದುವೆ ಮಾಡುತ್ತಾರೆ. ಸತ್ತ ಹುಡುಗನಿಗೆ ಸತ್ತ ಹುಡುಗಿ. ಹೆಣ್ಣು ನೋಡುವ ಶಾಸ್ತ್ರ ಇದೆ, ಸೀರೆ ಇದೆ, ಊಟ ಇದೆ. ನಾನು ಸಣ್ಣವಳಿದ್ದಾಗ ಒಂದಕ್ಕೆ ಹೋಗಿದ್ದೆ. ಎರಡು ಖಾಲಿ ಮಣೆ, ಒಂದರ ಮೇಲೆ ಸೀರೆ, ಒಂದರ ಮೇಲೆ ಪಂಚೆ. ನನ್ನ ಅಜ್ಜಿ ಕಿವಿಯಲ್ಲಿ "ಮದುಮಗಳ ಕಡೆಯವರ ಮುಂದೆ ಕೂರಬೇಡ" ಅಂದರು. ಇಷ್ಟು ಬಿಟ್ಟು ಗುಳಿಗನ ಕೈಗೆ ಕತ್ತಿ ಕೊಡುತ್ತೀರಲ್ಲ!

ಹೊರಗಿನವರು ಬರೆಯಬಾರದು ಅಂತ ನಾನು ಹೇಳುತ್ತಿಲ್ಲ. ಬರೆದ ಮೇಲೆ ಆ ಊರಿನ ಒಬ್ಬರ ಕೈಯಲ್ಲಿ ಓದಿಸಿ. ವಿಮರ್ಶೆ ಬರೆಯುವವರೂ ಗೊತ್ತಿಲ್ಲದ ಕಡೆ "ಕರಾವಳಿಯ ಸಂಸ್ಕೃತಿಯನ್ನು ಅದ್ಭುತವಾಗಿ ಕಟ್ಟಿಕೊಟ್ಟಿದ್ದಾರೆ" ಅಂತ ಸರ್ಟಿಫಿಕೇಟ್ ಕೊಡಬೇಡಿ.

ಬಿದರಿ · ಶನಿವಾರ ಸಂಜೆ 6:00

ಮೇಲಿನ ಅಕ್ಕ ಹೇಳಿದ್ದು ಖರೇ. ನಮ್ಮ ಕಲಬುರಗಿ ಕಡೆಯ ಮಾಟ, ಭಾನಾಮತಿಗೂ ಇದೇ ಗತಿ. ಕಥೆಯಲ್ಲಿ ನಿಂಬೆಹಣ್ಣು, ಗೊಂಬೆ, ಮುದುಕಿ ಬರುತ್ತಾರೆ. ಮುದುಕಿ ನಿಜವಾಗಲೂ ಮಾಟಗಾತಿ ಅಂತ ಕೊನೆಗೆ ಸಾಬೀತಾಗುತ್ತದೆ. ಊರಲ್ಲಿ ನಡೆದದ್ದು ತಿರುಗಾಮುರುಗಾ. ಭಾನಾಮತಿ ಮಾಡುತ್ತಾಳೆ ಅಂತ ಅನುಮಾನ ಬಂದವಳನ್ನು ಊರವರೇ ಹಿಡಿದು ಹೊಡೆಯುತ್ತಿದ್ದರು. ವಾಮಾಚಾರ ತಡೆಯಲಿಕ್ಕೆ 2017ರಲ್ಲಿ ನಮ್ಮ ರಾಜ್ಯದಲ್ಲಿ ಕಾಯ್ದೆಯೇ ಆಯಿತು, 2020ರ ಜನವರಿಯಿಂದ ಜಾರಿ. ಹಾರರ್ ಬರೆಯುವವರಿಗೆ ಇಲ್ಲಿ ಹೆದರಿಸುವ ವಸ್ತು ಯಾವುದು ಅಂತ ಕಾಣಬೇಕು. ನನಗಂತೂ ಮುದುಕಿಗಿಂತ ಆ ಗುಂಪಿನ ಅಂಜಿಕೆ ಜಾಸ್ತಿ.

ಮತ್ತ ಭಾಷೆ. ಕಲಬುರಗಿಯ ಪಿಎಸ್‌ಐ ಇಡೀ ಪುಸ್ತಕ ಮೈಸೂರು ಕನ್ನಡ ಮಾತಾಡಿ, ಸಿಟ್ಟು ಬಂದಾಗ ಮಾತ್ರ "ಲೇ ಮಗನ" ಅನ್ನುತ್ತಾನೆ. ನಮಗೆ ಬೈಯಲಿಕ್ಕೆ ಅಷ್ಟೇ ಭಾಷೆ ಅದ ಏನು?

ಏಳು ಸಮುದ್ರ · ಶನಿವಾರ ರಾತ್ರಿ 9:15

ಎಲ್ಲರೂ ದೆವ್ವ, ಕೊಲೆ ಅಂತಿದ್ದೀರಿ. ಫ್ಯಾಂಟಸಿಗೆ ಒಬ್ಬ ವಕೀಲ ಬೇಕು.

ಈ ಎರಡು ವರ್ಷದಲ್ಲಿ ನಾನು ಓದಿದ ಹೊಸ ಕನ್ನಡ ಫ್ಯಾಂಟಸಿಗಳಲ್ಲಿ ಅರ್ಧದ ಮೇಲೆ ಒಂದೇ ಕಥೆ. ತಂದೆತಾಯಿ ಇಲ್ಲದ ಹುಡುಗ, ಹೊಳೆಯುವ ಖಡ್ಗ, ಬಿಳಿ ಗಡ್ಡದ ಗುರು. ಮೊದಲ ಪುಟದಲ್ಲಿ ನಕ್ಷೆ. ನಕ್ಷೆಯಲ್ಲಿ ಬಾಯಿಗೆ ಹತ್ತದ ಹೆಸರುಗಳು. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ಹೆಸರನ್ನು ಜೋರಾಗಿ ಕೂಗಿ ಮಗುವನ್ನು ಊಟಕ್ಕೆ ಕರೆಯಲು ಆಗುತ್ತಾ? ಆಗದಿದ್ದರೆ ಆ ಲೋಕದಲ್ಲಿ ಜನ ಬದುಕಿಲ್ಲ.

ನಮ್ಮಲ್ಲಿ ಏನು ಕಮ್ಮಿ ಇದೆ ಹೇಳಿ. ಕಂಸಾಳೆಯವರು ಹಾಡುವ ಮಾದಪ್ಪನ ಕಥೆಯಲ್ಲಿ ಶ್ರವಣ ದೊರೆ ದೇವತೆಗಳನ್ನೇ ಸೆರೆಗೆ ಹಾಕಿಕೊಂಡಿದ್ದಾನೆ. ಅವನನ್ನು ಮುಗಿಸಲು ಮಾದಪ್ಪ ಖಡ್ಗ ಹುಡುಕಿಕೊಂಡು ಹೋಗಲ್ಲ. ಒಂದು ಜತೆ ಎಕ್ಕಡ ಮಾಡಿಸುತ್ತಾನೆ. ಎಕ್ಕಡ! ಲೋಕ ಗೆದ್ದ ದೊರೆ ಮೆಟ್ಟಿನಿಂದ ಸಾಯುತ್ತಾನೆ. ಅದನ್ನು ಕಟ್ಟಿದವರ ತಲೆ ಹೇಗಿತ್ತು ಅಂತ ಯೋಚಿಸಿ. ನಾನು ಮಾದಪ್ಪನ ಕಥೆಯನ್ನೇ ಮತ್ತೆ ಬರೆಯಿರಿ ಅನ್ನುತ್ತಿಲ್ಲ, ಅದೂ ಈಗ ಒಂದು ಫ್ಯಾಶನ್ ಆಗುತ್ತಿದೆ. ಆ ಧೈರ್ಯ ಬೇಕು ಅಷ್ಟೇ.

ಈ ನಡುವೆ ಒಂದು ಪುಸ್ತಕ ಕೈಗೆ ಸಿಕ್ಕಿತು. ಅಚ್ಚು ಕೆಟ್ಟದು, ಮುಖಪುಟ ಇನ್ನೂ ಕೆಟ್ಟದು. ಕುಂಬಾರ ಹೆಂಗಸೊಬ್ಬಳಿಗೆ ಮಂತ್ರ ಬರುತ್ತೆ. ಆದರೆ ಒಂದು ಮಂತ್ರಕ್ಕೆ ಒಂದು ನೆನಪು ಕೊಡಬೇಕು. ಯಾವ ನೆನಪು ಹೋಗುತ್ತೆ ಅಂತ ಮೊದಲೇ ಗೊತ್ತಾಗಲ್ಲ. ಊರಿಗೆ ಮಳೆ ತರಿಸುತ್ತಾಳೆ. ಜನ ಕುಣಿಯುತ್ತಾರೆ. ಇವಳು ಮನೆಗೆ ಬಂದು ಎಸರಿಟ್ಟು ರಾಗಿ ಹಿಟ್ಟು ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಮುಂದೇನು ಮಾಡಬೇಕು ಅಂತ ಗೊತ್ತಿಲ್ಲ. ಮುದ್ದೆ ತಿರುವುವುದು ಮರೆತುಹೋಗಿದೆ. ಸೊಸೆ ಬಂದು ಏನೂ ಕೇಳದೆ ಕೋಲು ಇಸಿದುಕೊಳ್ಳುತ್ತಾಳೆ. ಒಂದೂವರೆ ಪುಟ. ಮಾಯೆಗೆ ಬೆಲೆ ಇರಬೇಕು, ಆ ಬೆಲೆ ಅಡುಗೆಮನೆಯಲ್ಲಿ ಕಾಣಬೇಕು.

ಸಿಟ್ಟು ಬಂದದ್ದು ಕೊನೇ ಪುಟದಲ್ಲಿ. "ಮುಂದುವರಿಯುವುದು." ಮೂರು ಭಾಗದಲ್ಲಿ ಇದು ಮೊದಲನೆಯದಂತೆ, ಮುಖಪುಟದಲ್ಲಿ ಎಲ್ಲೂ ಹೇಳಿಲ್ಲ. ಭಾಗ ಒಂದರ ವಿಮರ್ಶೆ ಬರೆಯುವವರು ಮೊದಲ ಸಾಲಲ್ಲೇ ಅದನ್ನು ಹೇಳಿ ದಯವಿಟ್ಟು.

ಮಂಚದ ಕೆಳಗೆ 180 · ಭಾನುವಾರ ಬೆಳಗ್ಗೆ 8:40

ನಾನು ಆ ಕಡೆಯವನು, ಅಂದರೆ ಬರೆದವನು. ಥ್ರಿಲ್ಲರ್. 500 ಪ್ರತಿ ಹಾಕಿಸಿದೆ, 180 ಮಂಚದ ಕೆಳಗಿದೆ. ಹೆಂಡತಿ ಕಸ ಗುಡಿಸುವಾಗೆಲ್ಲ ಪೊರಕೆ ಬಾಕ್ಸಿಗೆ ತಾಗುವ ಸದ್ದು ಕೇಳುತ್ತೆ. ಅದು ನನ್ನ ಹಾರರ್.

ಬಿಡುಗಡೆ ದಿನ ಫೋಟೋ ಹಾಕಿದೆ. 140 ಜನ "ಅಭಿನಂದನೆಗಳು" ಅಂದರು. ಆ ವಾರ ಮಾರಾಟವಾದದ್ದು 11. ನಿಮ್ಮ "ಚೆನ್ನಾಗಿದೆ, ಒಮ್ಮೆ ಓದಬಹುದು" ಇದೆಯಲ್ಲ, ಅದರಿಂದ ಒಂದೂ ಪ್ರತಿ ಹೋಗಲ್ಲ. ಲೇಖಕನಿಗೆ ಅದು ಖುಷಿಯನ್ನೂ ಕೊಡಲ್ಲ, ನಂಬಿ. ಓದಿಲ್ಲ ಅಂತ ಗೊತ್ತಾಗುತ್ತೆ.

ಒಬ್ಬರು ಮಾತ್ರ ಬರೆದರು, "107ನೇ ಪುಟದಲ್ಲಿ ಬಿಟ್ಟೆ. ನಾಯಕ ಕಾರು ಓಡಿಸುತ್ತ ಹೆಂಡತಿಯ ಬಗ್ಗೆ ಆರು ಪುಟ ಯೋಚಿಸುತ್ತಾನೆ, ಹಿಂದೆ ಲಾರಿ ಅಟ್ಟಿಸಿಕೊಂಡು ಬರುತ್ತಿದೆ ಅನ್ನುವುದು ಲೇಖಕರಿಗೇ ಮರೆತುಹೋಗಿದೆ." ಮೂರು ದಿನ ಊಟ ಸೇರಲಿಲ್ಲ. ಅವರ ಮೇಲೆ ಇನ್ನೂ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ. ಇಬುಕ್ ಮಾಡಿದಾಗ ಆ ಆರು ಪುಟ ತೆಗೆದೆ.

ಹೊರನಾಡ ಹುಳು · ಭಾನುವಾರ ಬೆಳಗ್ಗೆ 10:30

ಇಬುಕ್ ಅಂದಿರಲ್ಲ, ಎಲ್ಲಿ ಸಿಗುತ್ತೆ ಅಂತ ಬರೆಯಿರಿ ಸ್ವಾಮಿ! ನಾನು ಇರುವುದು ಡಬ್ಲಿನ್‌ನಲ್ಲಿ. ಪುಸ್ತಕಕ್ಕಿಂತ ಅಂಚೆ ಖರ್ಚೇ ಹೆಚ್ಚು. 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಕನ್ನಡ ಬರಲಿಲ್ಲ. ತಮಿಳು ಗೆಳೆಯ ಸ್ವಂತವಾಗಿ ಬರೆದು ಅಲ್ಲೇ ಹಾಕಿದ. ನಾವು ಬೇರೆ ದಾರಿ ಹುಡುಕಬೇಕಾಯ್ತು. ಈಗ ಗೂಗಲ್ ಪ್ಲೇ, ಮೈಲ್ಯಾಂಗ್ ಅಂತ ಇವೆ. ವಿಮರ್ಶೆಯ ಕೊನೆಗೆ ಒಂದು ಸಾಲು ಸಾಕು: ಅಚ್ಚು ಮಾತ್ರವಾ, ಇಬುಕ್ ಇದೆಯಾ, ಕೇಳುವ ಪುಸ್ತಕ ಇದೆಯಾ.

ಇನ್ನೊಂದು ಗಮನಿಸಿದ್ದೇನೆ. ಪ್ರತಿಲಿಪಿಯಂಥ ಓದುವ ಆ್ಯಪ್‌ಗಳಲ್ಲಿ ಕಂತುಕಂತಾಗಿ ಬಂದು ಆಮೇಲೆ ಅಚ್ಚಾದ ಥ್ರಿಲ್ಲರ್‌ಗಳು ಒಂದು ಥರ ಇರುತ್ತವೆ. ಆರಾರು ಪುಟಕ್ಕೆ ಬಾಗಿಲು ದಡಾರನೆ ತೆರೆಯುತ್ತೆ, ಫೋನ್ ಬರುತ್ತೆ, ಕರೆಂಟ್ ಹೋಗುತ್ತೆ. ಫೋನಿನಲ್ಲಿ ದಿನಕ್ಕೊಂದು ಕಂತು ಓದುವಾಗ ಅದು ಬೇಕು. ಒಟ್ಟಿಗೆ ಕೂತು ಓದಿದರೆ 40 ಸಲ ಕರೆಂಟ್ ಹೋದಂತೆ ಆಗುತ್ತೆ. ಲೇಖಕರಿಗೆ ಬರವಣಿಗೆ ಬರಲ್ಲ ಅಂತಲ್ಲ. ಪುಸ್ತಕ ಮಾಡುವಾಗ ಕಂತಿನ ಹೊಲಿಗೆ ಬಿಚ್ಚಿಲ್ಲ.

ನೇರಮಾತು · ಭಾನುವಾರ ಮಧ್ಯಾಹ್ನ 12:10

ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ಗೆಳೆಯನ ಪುಸ್ತಕಕ್ಕೆ ವಿಮರ್ಶೆ ಬರೆಯಲೇಬಾರದು. ಪುಕ್ಕಟೆ ಬಂದ ಪುಸ್ತಕಕ್ಕೂ ಬರೆಯಬಾರದು. ಮುಗೀತು.

ರಾತ್ರಿಪಾಳಿ · ಭಾನುವಾರ ಮಧ್ಯಾಹ್ನ 12:25

300 ಪ್ರತಿ ಅಚ್ಚಾಗುವ ಪುಸ್ತಕವನ್ನು ಗೆಳೆಯರಲ್ಲದೆ ಇನ್ಯಾರು ಓದುತ್ತಾರೆ ಸಾರ್? ಕನ್ನಡದಲ್ಲಿ ದೆವ್ವದ ಕಥೆ ಓದುವವರೆಲ್ಲ ಸೇರಿದರೆ ಒಂದು ಮದುವೆ ಛತ್ರ ತುಂಬಬಹುದು, ಅದರಲ್ಲಿ ಅರ್ಧ ಜನ ಬರೆಯುವವರು. ಗೆಳೆಯ ಅಂತ, ಪುಸ್ತಕ ಅವನೇ ಕೊಟ್ಟದ್ದು ಅಂತ ಮೊದಲ ಸಾಲಲ್ಲಿ ಹೇಳಿ. ಓದುವವರು ಎಷ್ಟು ಉಪ್ಪು ಹಾಕಿಕೊಳ್ಳಬೇಕೋ ಹಾಕಿಕೊಳ್ಳುತ್ತಾರೆ.

ನೇರಮಾತು · ಭಾನುವಾರ ಮಧ್ಯಾಹ್ನ 12:40

ಹೇಳಿದ ಮಾತ್ರಕ್ಕೆ ಕೈ ನಡುಗುವುದು ನಿಲ್ಲಲ್ಲ. ನೋಡೋಣ, ಬರೆದು ಹಾಕಲಿ.

ಗುಬ್ಬಿಗೂಡು · ಭಾನುವಾರ ರಾತ್ರಿ 10:05

ಬರೆದೆ. ನಾಲ್ಕು ಸಲ ಅಳಿಸಿ ಬರೆದದ್ದು. ಹೀಗಿದೆ:

"ಇದನ್ನು ಬರೆದವನು ನನ್ನ ಗೆಳೆಯ, ಪುಸ್ತಕ ಅವನೇ ಕಳಿಸಿದ್ದು. ಇದು ಹೆದರಿಸುವ ಪುಸ್ತಕ ಅಂತ ಹೇಳಿಕೊಂಡಿದೆ, ಹಾಗಾಗಿ ಹೆದರಿದೆನಾ ಅನ್ನುವುದನ್ನೇ ಹೇಳುತ್ತೇನೆ. 34ನೇ ಪುಟದಲ್ಲಿ ಒಂದು ಹಸು ಕೊಟ್ಟಿಗೆ ಬಾಗಿಲಲ್ಲಿ ನಿಲ್ಲುತ್ತದೆ. ಅಲ್ಲಿಂದ 60ನೇ ಪುಟದವರೆಗೆ ನಾನು ಹಿತ್ತಿಲ ಕಡೆ ಬೆನ್ನು ಹಾಕಿ ಕೂರಲಿಲ್ಲ. ಕನ್ನಡದಲ್ಲಿ ಮಳೆ, ದನ, ಕತ್ತಲೆ ಮೂರನ್ನೇ ಇಟ್ಟುಕೊಂಡು ಇಷ್ಟು ಹೆದರಿಸಿದವರನ್ನು ಈಚೆಗೆ ಓದಿಲ್ಲ. ಹಾಲು ಕರೆಯುವ ಹೊತ್ತಿಗೆ ಹಸು ಕಿವಿ ತಿರುಗಿಸುವುದು, ಮನೆಯವರು ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಮಾತು ತೆಗೆಯುವುದು, ಇವೆಲ್ಲ ಕಂಡವನು ಬರೆದದ್ದು.

121ನೇ ಪುಟದಿಂದ ದೆವ್ವ ಮಾತಾಡುತ್ತದೆ. ಅಲ್ಲಿ ನನ್ನ ಹೆದರಿಕೆ ಮುಗಿಯಿತು. ಅಲ್ಲಿಂದ ಮುಂದೆ ಇದು ಜಮೀನು ವ್ಯಾಜ್ಯದ ಕಥೆ, ಅದನ್ನು ಹಿಂದೆಯೂ ಓದಿದ್ದೇವೆ. ಹಸುವಿಗೆ ಏನು ಕಂಡಿತು ಅಂತ ನನಗೆ ತಿಳಿಯಬೇಕಿರಲಿಲ್ಲ, ತಿಳಿಸಿಬಿಟ್ಟರು. ಅಚ್ಚಿನ ತಪ್ಪುಗಳಿವೆ. ಮುನ್ನುಡಿಯನ್ನು ಕೊನೆಗೆ ಓದಿ. 192 ಪುಟ, 220 ರೂಪಾಯಿ, ಅಚ್ಚು ಮಾತ್ರ. ಮೊದಲ 60 ಪುಟಕ್ಕಾಗಿ ನಾನು ದುಡ್ಡು ಕೊಟ್ಟೇ ಕೊಳ್ಳುತ್ತಿದ್ದೆ."

ಹಾಕುವ ಮುಂಚೆ ಅವನಿಗೆ ಕಳಿಸಿದ್ದೇನೆ. "ದಶರ್ನ" ಅಂತ ಅಚ್ಚಾದದ್ದನ್ನೂ ಹೇಳಿದ್ದೇನೆ. ನೀಲಿ ಟಿಕ್ ಬಂದು ಎರಡು ಗಂಟೆ ಆಯ್ತು. ಉತ್ತರ ಇಲ್ಲ.

ಮಹಜರು · ಭಾನುವಾರ ರಾತ್ರಿ 10:20

ಪುಟ ಸಂಖ್ಯೆ ಹಾಕಿದ್ದು ಒಳ್ಳೆಯದಾಯ್ತು. ಸಾಕ್ಷಿ ಗಟ್ಟಿ ಇದೆ. "ಇವೆಲ್ಲ ಕಂಡವನು ಬರೆದದ್ದು" ಅನ್ನುವ ಸಾಲಿಗೆ ನಾನು ಪುಸ್ತಕ ಕೊಳ್ಳುತ್ತೇನೆ. ಎಲ್ಲಿ ತರಿಸಬೇಕು ಅಂತ ಇನ್‌ಬಾಕ್ಸ್ ಮಾಡಿ.

ನೇರಮಾತು · ಭಾನುವಾರ ರಾತ್ರಿ 10:45

ಮೊದಲೇ ಅವನಿಗೆ ತೋರಿಸಿದ್ದು ತಪ್ಪು. ಬರೆದದ್ದು ಪರವಾಗಿಲ್ಲ.

ಗುಬ್ಬಿಗೂಡು · ಸೋಮವಾರ ಬೆಳಗ್ಗೆ 6:50

ಈಗಷ್ಟೇ ಫೋನ್ ಮಾಡಿದ್ದ. ಹಾಲು ಕರೆದು ಬಂದು ಮಾಡುತ್ತಿದ್ದೇನೆ ಅಂದ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಆ ಹಸು ನಮ್ಮನೇದೇ ಕಣೋ. ನಾನು ಏಳನೇ ಕ್ಲಾಸಲ್ಲಿದ್ದಾಗ. ಮೂರು ದಿನ ಒಳಗೆ ಹೋಗಲಿಲ್ಲ, ಅಪ್ಪ ಹೊರಗೇ ಕಟ್ಟಿದ್ರು" ಅಂದ. ಯಾಕೆ ಹೋಗಲಿಲ್ಲ ಅಂತ ಕೇಳಿದೆ. "ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ" ಅಂದ.

121ನೇ ಪುಟದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಡುವ ಮುಂಚೆ "ಹಾಕು, ಹಂಗೇ ಹಾಕು. ಆ ದಶರ್ನದ ಪುಟ ಯಾವುದು ಅಂತ ಮಾತ್ರ ಹೇಳು" ಅಂದ.